ಷಡ್ಡಕನ ಗಿಟಾರಿನ ಎರಡು ಗುಂಡಿಗಳು

ಬಾಗಿಲಿಗೆ ಬಂದ ಶತ್ರುವನ್ನು ಬಾಗಿಲಲ್ಲೇ ತಡೆದು ಕಳಿಸಬಹುದು. ಷಡ್ಡಕನ ವಿಷಯದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಅವನು ಹೆಂಡತಿಯ ಅಕ್ಕನ ಗಂಡ. ಬಂದರೆ ಎದ್ದು ಕುರ್ಚಿ ಬಿಡಬೇಕು, ಕೂತರೆ ಫ್ಯಾನು ಹಾಕಬೇಕು, ಹೋದ ಮೇಲೆ ಅವನ ಗುಣಗಾನವನ್ನು ಸ್ವಂತ ಹೆಂಡತಿಯ ಬಾಯಿಂದ, ಸ್ವಂತ ಮನೆಯಲ್ಲಿ ಕೂತು ಕೇಳಬೇಕು.

ಮೀಟರ್ ರಾಯರು ಮದುವೆಯಾದಂದಿನಿಂದ ಇದನ್ನು ಕೇಳುತ್ತ ಬಂದಿದ್ದರು. ವಿದ್ಯುತ್ ಕಚೇರಿಯ ಪರವಾಗಿ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವುದು ಅವರ ಕೆಲಸ, ಹಾಗಾಗಿ ಬೀದಿಯವರ ಬಾಯಲ್ಲಿ ಆ ಹೆಸರು. ಮೀಟರಿನ ಮುಂದೆ ಅವರು ನಿಲ್ಲುವ ಭಂಗಿ ನೋಡುವಂಥದ್ದು. ಸೊಂಟ ಬಾಗಿಸಿ, ಎಡಗಣ್ಣು ಮುಚ್ಚಿ, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗುತ್ತಿದ್ದರು. ಹಾಗೆಂದು ಕಣ್ಣಿನಲ್ಲಿ ದೋಷವಿರಲಿಲ್ಲ. ಐವತ್ತು ದಾಟಿದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಆ ಬಾಗುವಿಕೆ ಕೇವಲ ಸಂಖ್ಯೆಯ ಮೇಲಿನ ಗೌರವ. ಜನ ಸುಳ್ಳು ಹೇಳುತ್ತಾರೆ, ಮುಖ ಸುಳ್ಳು ಹೇಳುತ್ತದೆ, ಸಂಖ್ಯೆ ಹೇಳುವುದಿಲ್ಲ ಎಂಬುದು ಅವರು ನಂಬಿದ್ದ ಒಂದೇ ವೇದಾಂತ.

ಷಡ್ಡಕನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆಯನ್ನೂ ಅವನೇ ಮಾಡುತ್ತಿದ್ದ. ರಾಯರು ಅವನನ್ನು ಎದುರಿಗೆ ಬಹುವಚನದಲ್ಲೂ ಮನಸ್ಸಿನಲ್ಲಿ ಏಕವಚನದಲ್ಲೂ ಮಾತಾಡಿಸುತ್ತಿದ್ದರು. ಇಬ್ಬರಿಗೂ ಹೆಣ್ಣು ಕೊಟ್ಟ ಅತ್ತೆ ಮಾವ ಹಿರಿಯ ಮಗಳ ಮನೆಯಲ್ಲೇ, ಎಂದರೆ ಷಡ್ಡಕನ ಮನೆಯಲ್ಲೇ ಇದ್ದರು. ಅತ್ತೆಗೆ ತೊಳೆಯುವ ಚಟ. ಬೀಗದ ಕೈ, ಚಿಲ್ಲರೆ ಕಾಸು, ಟಿ.ವಿ. ರಿಮೋಟಿನ ಮುಚ್ಚಳ, ಯಾವುದನ್ನೂ ಬಿಡುತ್ತಿರಲಿಲ್ಲ. ಆ ಮನೆಯಲ್ಲಿ ಅವರು ಇನ್ನೂ ತೊಳೆಯದೆ ಉಳಿಸಿದ್ದ ವಸ್ತುವೆಂದರೆ ಕರೆಂಟು ಒಂದೇ.

ಭಾನುವಾರದ ಸಂಜೆಗಳಲ್ಲಿ ಕುಟುಂಬವೆಲ್ಲ ಅಲ್ಲಿ ಸೇರುತ್ತಿತ್ತು. ಎಲ್ಲರೂ ಕೂತ ಮೇಲೆ ಷಡ್ಡಕ ತನ್ನ ದಪ್ಪ ಕನ್ನಡಕವನ್ನು ತೆಗೆದು ಜೇಬಿಗಿಟ್ಟು, ಮೂಲೆಯ ಸ್ಟ್ಯಾಂಡಿನಿಂದ ಎಲೆಕ್ಟ್ರಿಕ್ ಗಿಟಾರನ್ನು ಎತ್ತಿಕೊಂಡು, ಕಣ್ಣು ಮುಚ್ಚಿ ನುಡಿಸುತ್ತಿದ್ದ. ಗಿಟಾರಿನ ಹೊಟ್ಟೆಯ ಮೇಲೆ ಎರಡು ಕಪ್ಪು ಗುಂಡಿಗಳು, ರೇಡಿಯೊ ತಿರುಗಿಸುವಂಥವು. ಒಂದು ವಾಲ್ಯೂಮ್, ಇನ್ನೊಂದು ಟೋನ್. ಗುಂಡಿಗಳ ಅಂಚಿನ ಮೇಲೆಯೇ ಸುತ್ತಲೂ ಸೊನ್ನೆಯಿಂದ ಹತ್ತರವರೆಗೆ ಬಿಳಿ ಅಂಕಿಗಳು, ಪಕ್ಕದಲ್ಲಿ ಗಿಟಾರಿನ ಮೈಮೇಲೆ ಗುರುತಿಗೆ ಒಂದೊಂದು ಕೆಂಪು ಚುಕ್ಕೆ. ತಂತಿಯನ್ನು ಮೀಟುತ್ತಲೇ ಷಡ್ಡಕನ ಕಿರುಬೆರಳು ವಾಲ್ಯೂಮ್ ಗುಂಡಿಯನ್ನು ಮೆಲ್ಲಗೆ ಸವರುತ್ತಿತ್ತು. ಮೀಟಿದ ಸದ್ದೇ ಕೇಳಿಸುತ್ತಿರಲಿಲ್ಲ. ಎಲ್ಲಿಂದಲೋ ಒಂದು ಸ್ವರ ತಾನಾಗಿ ಹುಟ್ಟಿ, ದೊಡ್ಡದಾಗಿ, ಮತ್ತೆ ಮಾಯವಾಗುತ್ತಿತ್ತು.

"ಭಾವ ನುಡಿಸಿದ್ರೆ ಎದೆ ಹಿಂಡಿದ ಹಾಗಾಗತ್ತೆ ರೀ," ಎಂದು ರಾಯರ ಹೆಂಡತಿ ಒಂದು ಭಾನುವಾರ ಮನೆಗೆ ಮರಳುವ ದಾರಿಯಲ್ಲಿ ಕಣ್ಣೊರೆಸಿಕೊಂಡಳು.

"ಎದೆ ಹಿಂಡಿದ್ರೆ ಡಾಕ್ಟರ್ ಹತ್ರ ಹೋಗ್ಬೇಕು."

"ನೀವೂ ಇದ್ದೀರಿ! ಮದುವೆಯಾದಾಗಿನಿಂದ ನನಗೋಸ್ಕರ ಒಂದು ಸಿಳ್ಳೆನಾದ್ರೂ ಹಾಕಿದ್ದೀರಾ?"

ರಾಯರ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಆಗ. ಅವರಿಗೆ ಲೋಕದ ಚಪ್ಪಾಳೆ ಬೇಕಿರಲಿಲ್ಲ. ಹೆಂಡತಿ ಒಂದೇ ಒಂದು ಸಲ "ಚೆನ್ನಾಗಿತ್ತು" ಅನ್ನಬೇಕು, ಅದೂ ಆ ಷಡ್ಡಕನ ಕಿವಿಗೆ ಬೀಳುವ ಹಾಗೆ ಅನ್ನಬೇಕು. ಅಷ್ಟು ಸಾಕಿತ್ತು.

ಮುಂದಿನ ವಾರವೇ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರು, ಅದರ ಸ್ಪೀಕರ್ ಪೆಟ್ಟಿಗೆ, ಎರಡೂ ಚಾದರ ಹೊದ್ದು ರಾಯರ ಮನೆಗೆ ಬಂದವು. ಷಡ್ಡಕನಿಗೆ ಹೇಳಕೂಡದೆಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡದ್ದಾಯಿತು. ಆಮೇಲೆ ರಾಯರು ಎರಡೂ ಗುಂಡಿಗಳನ್ನು ಹತ್ತಕ್ಕೆ ತಿರುಗಿಸಿದರು. ಹತ್ತರವರೆಗೆ ಕೊಟ್ಟಿರುವಾಗ ಒಂಬತ್ತಕ್ಕೆ ನಿಲ್ಲುವುದು ಯಾವ ನ್ಯಾಯ? ತಂತಿಯನ್ನು ಒಮ್ಮೆ ಎಳೆದು ಬಿಟ್ಟರು.

ಕೆಳಮನೆಯ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಳು. "ರಾಯರೇ, ಏನು ಬಿತ್ತು? ಬೀರುನಾ? ಯಾರಿಗಾದ್ರೂ ಏಟಾಯ್ತಾ?"

"ಏನಿಲ್ಲಮ್ಮ, ಸಂಗೀತ."

"ಅಯ್ಯೋ ಪಾಪ," ಎಂದಳು ಟೈಲರಮ್ಮ, ಏಟಾಗಿದ್ದರೂ ಅಷ್ಟು ಮರುಗುತ್ತಿರಲಿಲ್ಲವೇನೋ ಎಂಬ ದನಿಯಲ್ಲಿ.

ಹೆಂಡತಿ ಅಡುಗೆಮನೆಯಿಂದ ಹೇಳಿದ ಮಾತು ಇನ್ನೂ ಹರಿತವಾಗಿತ್ತು. "ರೀ, ಮಿಕ್ಸಿ ಒಳಗೆ ಚಮಚ ಬಿದ್ದಿದೆಯಾ ಅಂತ ನಾನು ಇಲ್ಲಿ ಹುಡುಕ್ತಾ ಇದ್ದೀನಿ."

ರಾಯರು ಯೋಚಿಸಿದರು. ಇಬ್ಬರದೂ ಗಿಟಾರೇ, ಇಬ್ಬರದೂ ಆರೇ ತಂತಿ. ವ್ಯತ್ಯಾಸ ಎಲ್ಲಿರಬೇಕು? ಸಂಖ್ಯೆಯಲ್ಲಿರಬೇಕು! ಷಡ್ಡಕ ತನ್ನ ಗುಂಡಿಗಳನ್ನು ಎಷ್ಟರಲ್ಲಿ ಇಟ್ಟಿದ್ದಾನೆಂದು ತಿಳಿದರೆ ಅವನ ವಿದ್ಯೆಯೆಲ್ಲ ಕೈಗೆ ಬಂದ ಹಾಗೆ. ಊರಿನವರ ಮೀಟರ್ ಓದಿದವನಿಗೆ ಷಡ್ಡಕನ ಮೀಟರ್ ಯಾವ ಲೆಕ್ಕ!

ಭಾನುವಾರ ಷಡ್ಡಕ ನುಡಿಸಿ, ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ ಕೈ ತೊಳೆಯಲು ಹೋದ. ರಾಯರು ಮೂಲೆಗೆ ಸರಿದು, ಸೊಂಟ ಬಾಗಿಸಿ, ಎಡಗಣ್ಣು ಮುಚ್ಚಿ ಓದಿಕೊಂಡರು. ವಾಲ್ಯೂಮ್ ಆರೂವರೆ, ಟೋನ್ ನಾಲ್ಕು. ಮನೆಗೆ ಬಂದು ಹಾಗೇ ಇಟ್ಟು ನುಡಿಸಿದರು. ಚಮಚದ ಸದ್ದು ಹೋಗಿ ಬಕೆಟ್ಟಿನ ಸದ್ದು ಬಂತು.

ಮುಂದಿನ ಭಾನುವಾರ ಮತ್ತೆ ಓದಿದರು. ವಾಲ್ಯೂಮ್ ಎರಡು, ಟೋನ್ ಒಂಬತ್ತು! ಆದರೆ ಷಡ್ಡಕ ನುಡಿಸಿದ್ದು ಮಾತ್ರ ಹೋದ ವಾರದ್ದೇ ಸ್ವರ, ಹೆಂಡತಿ ಒರೆಸಿಕೊಂಡದ್ದೂ ಹೋದ ವಾರದ್ದೇ ಕಣ್ಣೀರು. ಅದರ ಮರುವಾರ ವಾಲ್ಯೂಮ್ ಎಂಟು, ಟೋನ್ ಸೊನ್ನೆ. ಸ್ವರ ಮತ್ತೆ ಅದೇ.

'ಕಳ್ಳ!' ಎಂದುಕೊಂಡರು ರಾಯರು. 'ನಾನು ನೋಡ್ತೀನಿ ಅಂತ ಗೊತ್ತಾಗಿದೆ. ನುಡಿಸಿದ ಮೇಲೆ ಬೇಕಂತಲೇ ತಿರುಗಿಸಿಟ್ಟು ಹೋಗ್ತಾನೆ.' ಅಸೂಯೆಯ ಒಂದು ಗುಣವಿದು. ಎದುರಿನವನೂ ಹಗಲಿರುಳು ನಮ್ಮದೇ ಚಿಂತೆಯಲ್ಲಿದ್ದಾನೆಂದು ಅದು ನಂಬಿಸಿಬಿಡುತ್ತದೆ.

ಆದ್ದರಿಂದ ನಾಲ್ಕನೆಯ ಭಾನುವಾರ ರಾಯರು ಷಡ್ಡಕ ನುಡಿಸುತ್ತಿರುವಾಗಲೇ ಓದಲು ನಿರ್ಧರಿಸಿದರು. ಕುರ್ಚಿಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸಿದರು. ಸ್ವರ ಏರುತ್ತಿತ್ತು, ಕಿರುಬೆರಳು ಗುಂಡಿಯನ್ನು ತಿರುಗಿಸುತ್ತಿತ್ತು, ಅಂಕಿಗಳು ಓಡುತ್ತಿದ್ದವು, ರಾಯರ ಮೂಗು ಅವುಗಳ ಹಿಂದೆಯೇ ಓಡುತ್ತಿತ್ತು. ಷಡ್ಡಕ ಕಣ್ಣು ತೆರೆದಾಗ ತನ್ನ ಹೊಟ್ಟೆಯ ಹತ್ತಿರ ಒಂದು ತಲೆ ಇತ್ತು, ಅದರಲ್ಲಿ ಒಂದು ಕಣ್ಣು ಮುಚ್ಚಿತ್ತು.

ಸ್ವರ ನಿಂತಿತು. ಷಡ್ಡಕ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ರಾಯರನ್ನು ನೋಡಿದ. ಅವನ ಮುಖದಲ್ಲಿ ಏನೋ ಒಂದು ಬೆಳಕು ಹರಿಯಿತು.

"ಷಡ್ಡಕರೇ, ಕಣ್ಣು ಮಂಜಾಗ್ತಾ ಇದೆಯಾ?" ಎಂದ. ಅವನಿಗೆ ರಾಯರೂ ಷಡ್ಡಕರೇ.

ರಾಯರು ಏನೆನ್ನಬೇಕು? ಇಲ್ಲ, ನಿಮ್ಮ ವಾಲ್ಯೂಮ್ ಕದಿಯುತ್ತಿದ್ದೆ ಅನ್ನಬೇಕೇ? "ಹೂಂ... ಒಂಚೂರು," ಎಂದರು. ಹಾಳಾಗಲು ಮನುಷ್ಯನಿಗೆ ದೊಡ್ಡ ಮಾತು ಬೇಕಿಲ್ಲ, ಒಂದು ಹೂಂ ಸಾಕು.

"ನಾನು ಹೇಳಿರಲಿಲ್ವಾ!" ಎಂದು ಷಡ್ಡಕ ತನ್ನ ಹೆಂಡತಿಯ ಕಡೆ ತಿರುಗಿದ, ಲಾಟರಿ ಹೊಡೆದವನ ಹಾಗೆ. "ಯಾವತ್ತಿದ್ರೂ ಬರಲೇಬೇಕು ಅಂತ!"

ಅಂದಿನಿಂದ ರಾಯರು ಆ ಕುಟುಂಬದ ಕುರುಡರಾದರು. ಅತ್ತೆ ಕ್ಯಾರೆಟ್ ತೊಳೆದು ತೊಳೆದು ತಂದಿಟ್ಟರು. ಮಾವ ಅವರನ್ನು ಕೈ ಹಿಡಿದು ಮೆಟ್ಟಿಲು ಇಳಿಸಿದರು. ಇಳಿಸುವಾಗ ಎಡವಿದವರು ಮಾವನೇ. ಷಡ್ಡಕನ ಹೆಂಡತಿಯಾದ ಅತ್ತಿಗೆ ಮಾತ್ರ ಯಾಕೋ ಕಿವಿಯೂ ಹೋಗಿದೆಯೆಂಬಂತೆ ಕೂಗಿ ಮಾತಾಡತೊಡಗಿದಳು. "ಇದು ಕಾಫಿ! ಬಲಗಡೆ ಇಟ್ಟಿದ್ದೀನಿ! ಬಿಸಿ ಇದೆ!"

ಮನೆಯಲ್ಲಿ ಹೆಂಡತಿ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡಳು. "ನನಗ್ಯಾಕೆ ಮುಚ್ಚಿಟ್ರಿ?"

"ನನ್ನ ಕಣ್ಣು ಚೆನ್ನಾಗಿದೆ ಕಣೇ!"

"ಮತ್ತೆ ಭಾವನ ಹೊಟ್ಟೆ ಹತ್ರ ಹೋಗಿ ಏನು ನೋಡ್ತಾ ಇದ್ರಿ?"

ರೋಗವೇನೋ ಇತ್ತು, ಕಣ್ಣಿನಿಂದ ಒಂದೂವರೆ ಅಡಿ ಕೆಳಗೆ. ಅದನ್ನು ಹೆಂಡತಿಗೆ ಹೇಳುವುದಕ್ಕಿಂತ ಕುರುಡನಾಗಿರುವುದೇ ಮೇಲೆಂದು ರಾಯರು ಅವಳು ತಂದಿದ್ದ ಕ್ಯಾರೆಟ್ಟನ್ನು ಕಚ್ಚಿದರು.

ಸುದ್ದಿ ಮೊದಲು ಟೈಲರಮ್ಮನಿಗೆ ಸಿಕ್ಕಿತು, ಟೈಲರಮ್ಮನಿಂದ ಬೀದಿಗೆ. ಬೀದಿ ಅದನ್ನು ಕನಿಕರದಿಂದ ಸ್ವೀಕರಿಸಿತು. ಆದರೆ ಕನಿಕರ ಒಂದು ದಿನವೂ ಬಾಳಲಿಲ್ಲ, ಅಷ್ಟರಲ್ಲಿ ಯಾರೋ ಯೋಚನೆ ಮಾಡಿಬಿಟ್ಟರು.

"ಅದಕ್ಕೇ ನಮ್ಮ ಮನೆ ಬಿಲ್ಲು ಹಾಗೆ!" ಎಂದರು ಎದುರುಮನೆಯ ನಿವೃತ್ತ ಮೇಷ್ಟ್ರು, ಗೇಟಿನ ಬಳಿ ರಾಯರನ್ನು ನಿಲ್ಲಿಸಿ. "ಮೂರನ್ನ ಎಂಟು ಅಂತ ಓದಿದ್ದೀರಿ ನೀವು!"

"ಮೇಷ್ಟ್ರೇ, ನಿಮ್ಮ ಮನೇಲಿ ಎರಡು ಗೀಸರ್ ಇವೆ."

"ಎರಡು ಕಾಣಿಸ್ತಾ ಇದೆಯಾ ನಿಮಗೆ? ಇರೋದು ಒಂದೇ! ನೋಡ್ರಪ್ಪ, ಎಲ್ಲಾ ಎರಡೆರಡು ಕಾಣ್ತಾ ಇದೆ ಇವರಿಗೆ!"

ಮೇಷ್ಟ್ರ ಮುಂದಾಳತ್ವದಲ್ಲಿ ಬೀದಿ ವಿದ್ಯುತ್ ಕಚೇರಿಗೆ ಹೋಯಿತು. ಅಲ್ಲಿನ ಸೆಕ್ಷನ್ ಆಫೀಸರ್‌ಗೆ ಸುದ್ದಿ ಹೊಸದಾಗಿರಲಿಲ್ಲ. ಅವರು ಷಡ್ಡಕನ ಗಿರಾಕಿ. ಹಿಂದಿನ ದಿನವಷ್ಟೇ ಅವರ ಕನ್ನಡಕದ ಕಾಲು ಬಿಗಿಮಾಡುತ್ತ ಷಡ್ಡಕ ನಿಟ್ಟುಸಿರಿನೊಂದಿಗೆ ಎಲ್ಲ ಹೇಳಿದ್ದ.

"ಎಷ್ಟು ದಿನದಿಂದ ಹೀಗಿದೆ?" ಎಂದು ಆಫೀಸರ್ ರಾಯರನ್ನು ಕೇಳಿದರು.

"ಸಾರ್, ನಿಮ್ಮ ಬೆನ್ನ ಹಿಂದಿನ ಕ್ಯಾಲೆಂಡರಿನ ಕೆಳಗೆ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಫೋನ್ ನಂಬರ್ ಇದೆ. ಇಲ್ಲಿಂದಲೇ ಓದ್ಲಾ?"

"ಬಾಯಿಪಾಠ ಮಾಡ್ಕೊಂಡು ಬಂದಿದ್ದೀರಿ," ಎಂದರು ಆಫೀಸರ್ ಮರುಕದಿಂದ. "ನಮ್ಮ ತಂದೆಯೂ ಹೀಗೇ ಮಾಡ್ತಿದ್ರು. ಸೋಮವಾರದೊಳಗೆ ನಿಮ್ಮ ಷಡ್ಡಕರಿಂದ ಪರೀಕ್ಷೆ ಮಾಡಿಸಿ ಬರೆಸಿಕೊಂಡು ಬನ್ನಿ. ಇಲ್ಲಾಂದ್ರೆ ಮೀಟರ್ ಕೆಲಸ ಬೇರೆಯವರಿಗೆ. ನೀವು ದೂರಿನ ಫೋನ್ ಹತ್ರ ಕೂತ್ಕೊಳಿ. ಅದಕ್ಕೆ ಕಣ್ಣು ಬೇಡ. ಕಿವಿ ಇದ್ದರೂ ನಡೆಯತ್ತೆ, ಇಲ್ಲದಿದ್ರೆ ಇನ್ನೂ ಒಳ್ಳೆಯದು."

ಷಡ್ಡಕನ ಅಂಗಡಿಗೆ ಹೋಗಿ ಒಂದು ಗಳಿಗೆ ಕೂತಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಪರೀಕ್ಷೆಯೆಂದರೆ ಆ ಕುರ್ಚಿಯಲ್ಲಿ ಗದ್ದ ಊರಿ ಕೂರಬೇಕು, ಅವನು ಟಾರ್ಚಿನ ಬೆಳಕು ಬಿಟ್ಟು ಕಣ್ಣಿನೊಳಗೆ ಇಣುಕಬೇಕು. ಒಳಗಿರುವುದೆಲ್ಲ ಕಂಡುಬಿಟ್ಟರೆ? ರಾಯರು ಅಂಗಡಿಯ ಬಾಗಿಲವರೆಗೆ ಹೋಗಿ, ಪಕ್ಕದ ಅಂಗಡಿಯಲ್ಲಿ ಬೇಡದ ಪೊರಕೆಯೊಂದನ್ನು ಕೊಂಡು ವಾಪಸ್ಸು ಬಂದರು.

ಹೀಗೆ ಭಾನುವಾರ ಬಂತು. ಅಂದು ಅತ್ತೆ ಮಾವನ ಮದುವೆಯಾಗಿ ಐವತ್ತು ವರ್ಷ. ಷಡ್ಡಕನ ಮನೆಯ ಹಾಲಿನಲ್ಲಿ ಬಾಡಿಗೆ ಕುರ್ಚಿಗಳು, ಅವುಗಳ ತುಂಬ ನೆಂಟರು. ಮುಂದಿನ ಸಾಲಿನಲ್ಲಿ, ಷಡ್ಡಕನ ವಿಶೇಷ ಆಹ್ವಾನದ ಮೇಲೆ, ಸೆಕ್ಷನ್ ಆಫೀಸರ್. ರಾಯರನ್ನು ಯಾರೋ ತೋಳು ಹಿಡಿದು ತಂದು ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂರಿಸಿದರು, ಎದ್ದು ಹೋಗುವಾಗ ಯಾರಿಗೂ ಡಿಕ್ಕಿ ಹೊಡೆಯದಿರಲಿ ಎಂದು.

ಷಡ್ಡಕ ಗಿಟಾರು ಕೊರಳಿಗೆ ಹಾಕಿಕೊಂಡು ನಿಂತ. ಕನ್ನಡಕ ಜೇಬು ಸೇರಿತು. ನುಡಿಸುವ ಮುನ್ನ ಆಫೀಸರ್ ಅವನನ್ನು ಕೇಳಿದರು. "ಅಂದ ಹಾಗೆ ನಿಮ್ಮ ಷಡ್ಡಕರ ಪರೀಕ್ಷೆ ಆಯ್ತಾ? ನಾಳೆ ಸೋಮವಾರ."

"ಅವರು ಅಂಗಡಿಗೆ ಬಂದ್ರೆ ತಾನೇ ಸಾರ್? ಅಕ್ಷರದ ಬೋರ್ಡು ಬೇರೆ ಬಾಯಿಪಾಠ ಆಗಿರತ್ತೆ ಇವರಿಗೆ." ಷಡ್ಡಕನಿಗೆ ಹುರುಪು ಬಂತು. "ಇಲ್ಲೇ ನೋಡೇಬಿಡೋಣ. ಷಡ್ಡಕರೇ! ಅಲ್ಲಿಂದಲೇ ಹೇಳಿ. ಈ ವಾಲ್ಯೂಮ್ ಗುಂಡಿ ಎಷ್ಟರಲ್ಲಿದೆ?"

ಅವನು ಗುಂಡಿಯನ್ನು ಕೊನೆಯವರೆಗೆ, ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿದ. ಹಾಲಿನಲ್ಲಿದ್ದ ತಲೆಗಳೆಲ್ಲ ಹಿಂದಕ್ಕೆ ಹೊರಳಿದವು. ರಾಯರು ಎದ್ದು ನಿಂತರು. ಬಾಗಲಿಲ್ಲ, ಕಣ್ಣು ಮುಚ್ಚಲಿಲ್ಲ.

"ಏಳು," ಎಂದರು.

ಷಡ್ಡಕ ತಲೆ ತಗ್ಗಿಸಿದ. "ಪೂರ್ತಿ ತೆರೆದಿದ್ದೀನಿ ಸಾರ್. ಇದು ಹತ್ತು."

ಹಾಲಿನಿಂದ ಒಂದು ಉದ್ದನೆಯ "ಛೇ" ಎದ್ದಿತು. ರಾಯರ ಹೆಂಡತಿ ಮುಖ ಮುಚ್ಚಿಕೊಂಡಳು.

"ಟೋನ್ ಹೇಳಿ. ಪೂರ್ತಿ ಮುಚ್ಚಿದ್ದೀನಿ," ಎಂದು ಷಡ್ಡಕ ಉತ್ತರವನ್ನೂ ತಾನೇ ಹೇಳಿಕೊಟ್ಟ, ದಯೆಯಿಂದ.

"ಎರಡು."

"ಸೊನ್ನೆ ರೀ, ಸೊನ್ನೆ!" ಎಂದರು ಆಫೀಸರ್. "ಆ ಬೀದಿಯ ಗತಿ ಏನಪ್ಪಾ ದೇವರೇ!"

ಕುರುಡನೆಂದರೆ ರಾಯರು ಸಹಿಸುತ್ತಿದ್ದರೇನೋ. ರೀಡಿಂಗ್ ತಪ್ಪು ಎಂದದ್ದನ್ನು ಸಹಿಸಲಿಲ್ಲ. ಕುರ್ಚಿಗಳನ್ನೂ ನೆಂಟರ ಮೊಣಕಾಲುಗಳನ್ನೂ ದಾಟಿ ನೇರ ಮುಂದೆ ಹೋಗಿ ಗುಂಡಿಯ ಮೇಲೆ ಬೆರಳಿಟ್ಟರು. "ಸಾರ್, ನೀವೇ ಬಂದು ನೋಡಿ. ಚುಕ್ಕೆಯ ಎದುರಿಗೆ ಏನಿದೆ?"

ಆಫೀಸರ್ ಕನ್ನಡಕ ಏರಿಸಿ ಬಾಗಿದರು. ಮತ್ತೆ ಬಾಗಿದರು. "ಏಳು," ಎಂದರು ಸಣ್ಣ ದನಿಯಲ್ಲಿ. "ಇದು... ಎರಡು."

"ಹೇಗಾಗತ್ತೆ?" ಷಡ್ಡಕ ಕನ್ನಡಕ ಹುಡುಕಿ ಹಾಕಿಕೊಂಡ. ಪೂರ್ತಿ ತೆರೆದ ಗುಂಡಿ ಏಳರಲ್ಲಿ ನಿಂತಿತ್ತು.

"ಅದಾ?" ಎಂದರು ಅತ್ತೆ, ಹೊಸ ಸೀರೆಯಲ್ಲಿ ಮಾವನ ಪಕ್ಕ ಕೂತಿದ್ದವರು. "ಆ ಮುಚ್ಚಳಗಳನ್ನ ವಾರಕ್ಕೊಂದು ಸಲ ನಾನೇ ಕಿತ್ತು ಸೋಪಿನ ನೀರಲ್ಲಿ ತೊಳೆದು ಮತ್ತೆ ಸಿಕ್ಕಿಸ್ತೀನಿ. ಎಳೆದ್ರೆ ಬರತ್ತೆ, ಒತ್ತಿದ್ರೆ ಕೂರತ್ತೆ. ಹೆಂಗೆ ಕೂತರೇನು, ತಿರುಗತ್ತಲ್ಲ?"

"ಅಂದ್ರೆ ಈ ಅಂಕಿಗಳೆಲ್ಲ ಸುಳ್ಳಾ?" ಎಂದರು ರಾಯರು. ಒಂದು ಜೀವಮಾನದ ನಂಬಿಕೆ ಸೋಪಿನ ನೀರಲ್ಲಿ ಹೋಗಿತ್ತು. ಆ ಸಂಕಟದಲ್ಲಿ ಬಾಯಿ ತಪ್ಪಿತು. "ಮತ್ತೆ ಆರೂವರೆ? ಎರಡು? ಎಂಟು? ವಾರ ವಾರ ಬಂದು ನೋಡ್ಕೊಂಡು ಹೋಗಿ ಮನೇಲಿ ಹಾಗೇ ಇಟ್ಟು ನುಡಿಸಿದ್ನಲ್ರೀ! ಒಂದು ದಿನ ಬಕೆಟ್ಟು, ಒಂದು ದಿನ ಬಾಗಿಲ ಕೀಲು! ನೀವು ನನ್ನ ದಾರಿ ತಪ್ಪಿಸೋಕೆ ತಿರುಗಿಸಿಡ್ತೀರಿ ಅಂದ್ಕೊಂಡಿದ್ದೆ!"

ನೆಂಟರೆಲ್ಲ ಕುರ್ಚಿಯ ತುದಿಗೆ ಸರಿದರು.

"ಮನೇಲಿ ಗಿಟಾರ್ ಇದೆಯಾ?" ಎಂದಳು ಅತ್ತಿಗೆ.

"ನಾನು ಹೇಳಿಲ್ಲಪ್ಪ, ಆಣೆ ಮುರಿದಿಲ್ಲ," ಎಂದಳು ರಾಯರ ಹೆಂಡತಿ. ಮರುಕ್ಷಣ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಅಂದ್ರೆ ನಿಮ್ಮ ಕಣ್ಣಿಗೆ ಏನೂ ಆಗಿಲ್ವಾ? ಕ್ಯಾರೆಟ್ ತಂದು ತಂದು ನನ್ನ ಕೈ ಬಿತ್ತು! ಇದೆಲ್ಲ ಬರೀ ಹೊಟ್ಟೆಕಿಚ್ಚಾ?"

ಯಾರೂ ನಿರೀಕ್ಷಿಸದ ಕಡೆಯಿಂದ ನಗು ಬಂತು. ಅತ್ತಿಗೆ ನಗುತ್ತಿದ್ದಳು.

"ಇವರದ್ದು ಮಾತ್ರವಾ? ನಮ್ಮನೆಯವರದ್ದು ಕೇಳಿ! ಪತ್ರಿಕೆ ಹಿಡಿದಾಗಲೆಲ್ಲ ಅದೇ ಗೋಳು. 'ಆ ಮನುಷ್ಯನಿಗೆ ಈ ವಯಸ್ಸಲ್ಲೂ ಕನ್ನಡಕ ಬರಲಿಲ್ಲ ನೋಡು, ಸೂಜಿಗೆ ದಾರ ಪೋಣಿಸ್ತಾನೆ ನೋಡು' ಅಂತ. ಇವರಿಗೋಸ್ಕರ ಅಂಗಡೀಲಿ ಒಂದು ಫ್ರೇಮು ಎಷ್ಟೋ ವರ್ಷದಿಂದ ಎತ್ತಿಟ್ಟಿದ್ದಾರೆ, ಇವತ್ತು ಬರ್ತಾನೆ ನಾಳೆ ಬರ್ತಾನೆ ಅಂತ!"

ಷಡ್ಡಕನ ಕಿವಿ ಕೆಂಪಾಯಿತು. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. "ದಪ್ಪ ಕಂದು ಬಣ್ಣದ್ದು," ಎಂದ ಮೆಲ್ಲಗೆ. "ನಿಮ್ಮ ಮುಖಕ್ಕೆ ಒಪ್ಪತ್ತೆ ಷಡ್ಡಕರೇ."

ರಾಯರ ಮನಸ್ಸಿನಲ್ಲಿ ಮೊತ್ತಮೊದಲ ಬಾರಿಗೆ ಷಡ್ಡಕರಿಗೆ ಬಹುವಚನ ಮೂಡಿತು.

ಷಡ್ಡಕರು ಗಿಟಾರನ್ನು ಕೊರಳಿಂದ ತೆಗೆದು ರಾಯರಿಗೆ ಹಾಕಿದರು. "ಅಂಕಿ ನೋಡ್ಬೇಡಿ. ನಾನಂತೂ ಯಾವತ್ತೂ ನೋಡಿಲ್ಲ, ಕನ್ನಡಕ ತೆಗೆದ ಮೇಲೆ ನನಗೆ ಕಾಣೋದೂ ಇಲ್ಲ. ಕಣ್ಣು ಮುಚ್ಚಿ. ವಾಲ್ಯೂಮ್ ಪೂರ್ತಿ ಇಳಿಸಿ ಮೀಟಿ, ಆಮೇಲೆ ಕಿರುಬೆರಳಲ್ಲಿ ತೆರೀತಾ ಬನ್ನಿ, ಹಾಲು ಉಕ್ಕೋ ಹಾಗೆ. ಉಕ್ಕಿ ಚೆಲ್ಲೋ ಮುಂಚೆ ಇಳಿಸಿ. ಸದ್ದು ಚುಚ್ಚಿದ್ರೆ ಟೋನ್ ಇಳಿಸಿ, ಕಂಬಳಿ ಹೊದಿಸಿದ ಹಾಗೆ ಮೆತ್ತಗಾಗತ್ತೆ. ಕಂಬಳಿ ಹೆಚ್ಚಾಗಿ ಉಸಿರು ಕಟ್ಟಿದ ಹಾಗೆ ಕೇಳಿಸಿದ್ರೆ ಸ್ವಲ್ಪ ಸರಿಸಿ."

"ಎಷ್ಟು ಸರಿಸ್ಬೇಕು?"

"ಎಷ್ಟು ಅಂತ ಕೇಳ್ಬೇಡಿ! ಕಿವಿ ಇದೆಯಲ್ಲ?"

ರಾಯರು ಕಣ್ಣು ಮುಚ್ಚಿದರು. ಬರುತ್ತಿದ್ದದ್ದು ನಾಲ್ಕೇ ಸ್ವರ. ಮೊದಲನೆಯದು ಚುಚ್ಚಿತು, ಟೋನ್ ಇಳಿಸಿದರು. ಎರಡನೆಯದು ಚೆಲ್ಲಿತು. ಮೂರನೆಯದು ಎಲ್ಲಿಂದಲೋ ತಾನಾಗಿ ಹುಟ್ಟಿ ದೊಡ್ಡದಾಯಿತು, ಚೆಲ್ಲುವ ಮುಂಚೆ ಕಿರುಬೆರಳು ಅದನ್ನು ಹಿಡಿದುಕೊಂಡಿತು. ನಾಲ್ಕನೆಯದು ಮಾಯವಾಗುವಾಗ ಯಾರೂ ಕೆಮ್ಮಲಿಲ್ಲ.

ಕಣ್ಣು ತೆರೆದಾಗ ಹೆಂಡತಿ ಎದುರಿಗೇ ನಿಂತಿದ್ದಳು. ಸಿಟ್ಟಿನ್ನೂ ಮೂಗಿನ ತುದಿಯಲ್ಲಿತ್ತು, ಸೆರಗು ಮಾತ್ರ ಕಣ್ಣಿನ ಹತ್ತಿರ ಇತ್ತು.

"ಚೆನ್ನಾಗಿತ್ತು ರೀ," ಎಂದಳು.

ಷಡ್ಡಕರ ಕಿವಿಗೂ ಬಿತ್ತು. ಚಪ್ಪಾಳೆ ತಟ್ಟಿದರು, ಬೇಕಾದದ್ದಕ್ಕಿಂತ ಒಂದು ಗುಲಗಂಜಿ ಕಡಿಮೆ. ಆಫೀಸರ್ ಕಾಗದ ಪೆನ್ನು ಮುಂದಿಟ್ಟರು. "ಕಣ್ಣಿನ ದೃಷ್ಟಿ ಅತ್ಯುತ್ತಮ" ಎಂದು ಷಡ್ಡಕರು ಸ್ವಂತ ಕೈಯಿಂದ ಬರೆದರು. "ಅತ್ಯುತ್ತಮ" ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಎಲ್ಲರೂ ಊಟಕ್ಕೆದ್ದರು. ರಾಯರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು, ಅಷ್ಟು ಸುಖ ಅವರಿಗೆ ಎಂದೂ ಆಗಿರಲಿಲ್ಲ. ನಾಳೆ ಮನೆಯಲ್ಲಿ ಮತ್ತೆ ನುಡಿಸಬೇಕು, ಇವಳು ಮತ್ತೆ ಹಾಗೇ ಅನ್ನಬೇಕು. ಅಷ್ಟರಲ್ಲಿ ಅವರಿಗೆ ಧಸಕ್ಕೆಂದಿತು. ಆ ಮೂರನೆಯ ಸ್ವರಕ್ಕೆ ಗುಂಡಿಗಳು ಎಲ್ಲಿದ್ದವು? ಕಣ್ಣು ಮುಚ್ಚಿದ್ದರು! ಸರ್ವೀಸಿನಲ್ಲಿ ಮೊದಲ ಬಾರಿಗೆ ರೀಡಿಂಗ್ ತೆಗೆದುಕೊಳ್ಳದೆ ಬಂದಿದ್ದರು! ಅಂಕಿ ಸುಳ್ಳಾದರೇನು, ಎಷ್ಟು ಸುಳ್ಳು ಎಂದು ಲೆಕ್ಕ ಹಾಕಿ ಸರಿಪಡಿಸಿಕೊಳ್ಳಬಹುದು. ತಟ್ಟೆಯನ್ನು ಮಾವನ ಕೈಗೆ ತುರುಕಿ ಹಾಲಿಗೆ ಓಡಿದರು.

ಗಿಟಾರು ಸ್ಟ್ಯಾಂಡಿನಲ್ಲಿತ್ತು. ಗುಂಡಿಗಳಿರಬೇಕಾದ ಜಾಗದಲ್ಲಿ ಎರಡು ಬೋಳು ಕಡ್ಡಿಗಳು ನಿಂತಿದ್ದವು. ಪಕ್ಕದಲ್ಲಿ ಅತ್ತೆ, ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಬಟ್ಟಲು ನೊರೆಯಲ್ಲಿ ಬೆರಳಾಡಿಸುತ್ತಿದ್ದರು.

"ಎಲ್ಲರ ಕೈಯೂ ತಾಗಿತ್ತು ಅಳಿಯಂದ್ರೇ," ಎಂದರು. "ನಿಮ್ಮನೇದೂ ತಂದ್ಬಿಡಿ, ಒಟ್ಟಿಗೇ ತೊಳೆದುಕೊಡ್ತೀನಿ."